ಚಾವಿ ಇಟ್ಟುಕೊಂಡವಳು

ನನ್ನ ತಂಗಿ ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. ಅದನ್ನು ನಾನು ಮಾಡಲಿಲ್ಲ. ಮಾಡಲಿಲ್ಲ ಎಂದು ಅವಳಿಗೆ ಹೇಳಲೂ ಇಲ್ಲ. ನಾನು ಹೇಳದೆ ಉಳಿದದ್ದರ ಭಾರ ಬೇರೊಬ್ಬಳ ತಲೆಯ ಮೇಲೆ ಬಿತ್ತು. ಬೀಳುವುದನ್ನು ನೋಡುತ್ತ ನಿಂತೆ.

ಮೊನ್ನೆ ಬೀದರಿಗೆ ಹೋಗಿದ್ದೆ. ತಂಗಿ ಸುನಂದಾಳ ಮನೆ ಮೈಲೂರದಲ್ಲಿ. ಕೆಲಸಕ್ಕೆ ಹೊರಡುವಾಗ ಅವಳು ಬಾಗಿಲ ಚಾವಿಯನ್ನು ನನ್ನ ಕೈಗಿಟ್ಟು ಹೋದಳು. ಮಳೆ ಹಿಡಿದಿತ್ತು. ಚಾವಿಗೆ ತುಕ್ಕು ಹತ್ತಿತ್ತು. ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಅಂಗೈ ಮೂಗಿನ ಹತ್ತಿರ ಬಂದಾಗ ನಮ್ಮೂರು ಹಲಬರ್ಗಾದ ಆ ಬರಗಾಲವೇ ಎದುರು ಬಂದು ನಿಂತಂತಾಯಿತು. ಬೇರೆಯವರಿಗೆ ಬರಗಾಲ ಅಂದರೆ ಧೂಳಿನ ವಾಸನೆ ಇರಬಹುದು. ನನಗೆ ಅದು ಬೆವರುಗೈಯಲ್ಲಿ ಹಿಡಿದ ಊರವರ ಚಾವಿಗಳ ವಾಸನೆ.

ಆ ವರ್ಷ ಸೋಯಾ ಗೇಣುದ್ದ ಎದ್ದು ಅಲ್ಲೇ ಒಣಗಿತು. ತೊಗರಿ ಹೂವಿಗೇ ಬರಲಿಲ್ಲ. ದೀಪಾವಳಿ ದಾಟುವಷ್ಟರಲ್ಲಿ ನಮ್ಮ ಓಣಿಯ ಅರ್ಧ ಮನೆಗಳಿಗೆ ಕೀಲಿ ಬಿದ್ದವು. ಕೆಲವರು ಪುಣಾಕ್ಕೆ, ಕೆಲವರು ಹೈದರಾಬಾದಿಗೆ. ನನ್ನ ಗಂಡನೂ ಹೈದರಾಬಾದಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ನನ್ನ ಅತ್ತೆಗೆ ಸೊಂಟ ಬಿದ್ದುಹೋಗಿತ್ತು, ಎತ್ತಿ ಕೂರಿಸಬೇಕು. ಹಾಗಾಗಿ ನಾನು ಉಳಿದೆ.

ಊರು ಬಿಡುವವರು ಚಾವಿಯನ್ನು ಜೊತೆಗೆ ಒಯ್ಯುವುದಿಲ್ಲ, ಅದು ನಮ್ಮ ಓಣಿಯ ಪದ್ಧತಿ. ಚಾವಿ ಒಯ್ದರೆ ಮನೆ ತಿರುಗಿ ಕರೆಯುವುದಿಲ್ಲ ಅನ್ನುತ್ತಾರೆ. ಊರಲ್ಲಿ ಉಳಿದವರ ಮನೆಯಲ್ಲಿ ಇಟ್ಟು ಹೋಗುತ್ತಾರೆ. ನಮ್ಮ ಬಾಗಿಲ ಚೌಕಟ್ಟಿನ ಒಳಮಗ್ಗುಲಿಗೆ ಸಾಲಾಗಿ ಮೊಳೆ ಹೊಡೆದಿದ್ದೆವು. ಒಂದೊಂದಕ್ಕೂ ಒಂದೊಂದು ಮನೆಯ ಚಾವಿ, ಗುರುತಿಗೆ ಒಂದೊಂದು ಬಣ್ಣದ ಚಿಂದಿ. ಗಾಳಿ ಬಂದರೆ ಅವು ಒಂದಕ್ಕೊಂದು ತಾಕುತ್ತಿದ್ದವು. ಊರಲ್ಲಿ ಜನರ ಸದ್ದು ಕಡಿಮೆಯಾದಷ್ಟೂ ಆ ಸದ್ದು ದೊಡ್ಡದಾಗುತ್ತಿತ್ತು.

ಮೊದಲು ನಾನು ಬಿಗಿಯಾಗಿಯೇ ಇದ್ದೆ. ಒಂದು ಮಧ್ಯಾಹ್ನ ಎದುರುಮನೆಯವನ ತಮ್ಮ ಬಸಣ್ಣ ಪುಣಾದಿಂದ ಬಂದು ಅಣ್ಣನ ಮನೆ ಚಾವಿ ಕೇಳಿದ. ಅಣ್ಣನಿಗೆ ಫೋನು ಹತ್ತುವ ತನಕ ಕಟ್ಟೆಯ ಮೇಲೆ ಕೂರು ಅಂದೆ. ಫೋನು ಹತ್ತಲಿಲ್ಲ. ಅವನು ಹಸಿದು ಕೂತ. ಸಂಜೆಗೆ ಓಣಿಯೆಲ್ಲ ಅದೇ ಮಾತು.

ಅತ್ತೆ ಮಲಗಿದಲ್ಲಿಂದಲೇ ಬೈದಳು. "ಅವರ ಮನಿ ಚಾವಿ ಅವರಿಗೇ ಕೊಡೂದಿಲ್ಲಂದ್ರ ನೀ ಯಾರಾಕಿ? ಫೌಜದಾರ ಏನು? ಮನಿಯವ್ರು ಕೇಳಿದ್ರ ಯಾಕಂತ ಕೇಳಬಾರದು. ತಗದು ಕೊಡೂದಷ್ಟ ನಮ್ಮ ಕೆಲಸ."

ಅಂದಿನಿಂದ ನಾನು ಯಾಕೆ ಅಂತ ಕೇಳುವುದನ್ನು ಬಿಟ್ಟೆ.

ಅದೇ ಚಳಿಗಾಲದಲ್ಲಿ ಸುನಂದಾ ಗಂಡನ ಮನೆ ಬಿಟ್ಟು ಬಂದಳು. ಅವಳನ್ನು ಕೊಟ್ಟದ್ದು ಔರಾದ ತಾಲೂಕಿನ ಸಂತಪುರಕ್ಕೆ. ಗಂಡ ವೈಜಿನಾಥ ಟೆಂಪೋ ಓಡಿಸುತ್ತಿದ್ದ, ಮಾತಿನಲ್ಲಿ ಬೆಣ್ಣೆ. ಅವಳ ಬೆನ್ನಿನ ಮೇಲಿನ ಗುರುತುಗಳನ್ನು ನಾನು ನೋಡಿದ್ದು ಅವಳಿಗೆ ತಲೆಗೆ ಎರೆಯುವಾಗ. ಅವಳು ಡಿಗ್ರಿ ಓದಿದವಳು, ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಬೀದರದ ಒಂದು ದವಾಖಾನೆಯಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಹಿಡಿದಳು. ಮೈಲೂರದಲ್ಲಿ ಹೊಲಿಗೆ ಕೆಲಸದ ನಸೀಮಾ ಎಂಬ ಹುಡುಗಿಯ ಜೊತೆ ಒಂದು ಖೋಲಿ. ಆ ಖೋಲಿ ಎಲ್ಲಿದೆ ಎಂದು ನಮ್ಮ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅವಳ ಹಳೇ ಸಿಮ್ಮು ಗಂಡನ ಹೆಸರಲ್ಲಿತ್ತು, ಅದನ್ನು ಮುರಿದು ಒಲೆಗೆ ಹಾಕಿದಳು. ಫೋನಿನ ಖಾತೆ ಮಾತ್ರ ಹಳೆಯದೇ. ಅದರಲ್ಲಿ ಅವಳ ಮೇಲ್, ಫೋಟೋ, ಪರಿಚಯದವರ ನಂಬರು ಎಲ್ಲ ಇದ್ದವು. ಪಾಸ್‌ವರ್ಡ್ ಬದಲಿಸಿದಳು. ಹೊಸದು ನಮ್ಮ ಅವ್ವನ ಹೆಸರು, ಮುಂದೆ ತಾನು ಹುಟ್ಟಿದ ವರ್ಷ. ಎಲ್ಲ ಖಾತೆಗಳಿಗೂ ಅದೊಂದೇ. ಆಮೇಲೆ ಇನ್ನೊಂದು ಕಾವಲು ಹಾಕಿದಳು. ಬೇರೆ ಯಾವ ಫೋನಿನಲ್ಲಿ ಆ ಖಾತೆ ತೆರೆಯಬೇಕಾದರೂ ನನ್ನ ಫೋನಿಗೆ ಆರಂಕಿಯ ಒಂದು ನಂಬರು ಬರಬೇಕು, ಅದನ್ನು ಹಾಕಿದರೇ ತೆರೆಯಬೇಕು.

"ಅಕ್ಕಾ, ನಂಬರ್ ಬಂದ್ರ ನನಗಷ್ಟ ಓದಿ ಹೇಳು. ದೇವರು ಬಂದು ಕೇಳಿದ್ರೂ ಹೇಳಬ್ಯಾಡ."

"ದೇವರಿಗೆ ನನ್ನ ಫೋನ್ ನಂಬರ್ ಯಾರ ಕೊಟ್ಟಾರಲೇ?" ಅಂದೆ. ಇಬ್ಬರೂ ನಕ್ಕೆವು.

ಯುಗಾದಿ ಹತ್ತಿರ ಬಂದಾಗ ಒಂದು ಭಾನುವಾರ ಸುನಂದಾ ನಸೀಮಾಳನ್ನೂ ಕರೆದುಕೊಂಡು ಹಲಬರ್ಗಾಕ್ಕೆ ಬಂದಳು. ನಸೀಮಾ ಬಾಗಿಲ ಚಾವಿಗಳನ್ನು ನೋಡಿ, "ಅಕ್ಕಾ, ನೀವು ಇಡೀ ಗಲ್ಲಿಗೇ ಸಾಹುಕಾರ್ರು ನೋಡ್ರಿ," ಅಂದಳು. ಅವಳ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ನನ್ನದರಿಂದ ಅಮ್ಮನಿಗೆ ಫೋನು ಮಾಡಿ ಮಾತಾಡಿದಳು. ಮಧ್ಯಾಹ್ನದ ಬಸ್ಸಿಗೆ ಇಬ್ಬರನ್ನೂ ಹತ್ತಿಸಿ ತಿರುಗಿದೆನೋ ಇಲ್ಲವೋ, ನೀರಿನ ಟ್ಯಾಂಕರ್ ಬಂತು.

ಆ ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಊರು ಓಡುತ್ತಿತ್ತು. ಕೊಡ ಹಿಡಿದು ನಾನೂ ಓಡಿದೆ. ಪೈಪಿನ ಬಾಯಿಗೆ ಇನ್ನೇನು ನನ್ನ ಸರದಿ. ಫೋನು ಬಡಿದುಕೊಂಡಿತು. ವೈಜಿನಾಥ.

"ಅಕ್ಕಾರ, ಆರಾಮ ಅದೀರಿಲ್ರಿ? ನಾವಿಬ್ರೂ ಮಾತಾಡೇವ್ರಿ. ಆಕಿನ ಮಾರ್ಕ್ಸ್‌ಕಾರ್ಡು ನನ್ನ ಬಲ್ಲೇ ಉಳದಾವ, ಫೋನಿನ್ಯಾಗ ಹಾಕಿ ಕಳಸ್ತೇನಿ ಅಂದೇನಿ. ಈಗ ನಿಮ್ಮ ಫೋನಿಗೆ ಆರಂಕಿ ಬಂದಾವ ನೋಡ್ರಿ. ಜರಾ ಓದ್ರಿ."

ಹಿಂದಿನಿಂದ ಒಬ್ಬಳು ಕೊಡದಿಂದ ನನ್ನ ಬೆನ್ನಿಗೆ ತಿವಿದಳು. "ಏ ಕಸ್ತೂರಿ, ನೀರ ತುಂಬತಿಯೋ, ಮಾವನ ಮನಿ ಪುರಾಣಾ ಕೇಳತಿಯೋ?"

ನಾನು ಪರದೆ ನೋಡಿದೆ. ಇಂಗ್ಲಿಷಿನ ಎರಡು ಸಾಲು, ನಡುವೆ ಆರಂಕಿ. ಆ ಸಾಲುಗಳನ್ನು ನಾನು ಓದಲಾರೆ, ಅಂಕಿ ಓದಬಲ್ಲೆ.

ಸುನಂದಾ ಹೇಳಿದ್ದು ಮರೆತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ನೆನಪಿತ್ತು. ಆದರೂ, ಅವನು ಗಂಡ, ಮನೆಯವನು, ಮನೆಯವರು ಕೇಳಿದರೆ ಕೊಡಬೇಕು ಅನ್ನಿಸಿತು. ಮಾತಾಡಿದ್ದಾರಂತೆ, ಸಂಸಾರ ಕೂಡಿಕೊಂಡರೆ ಸಾಕು ಎಂಬ ಆಸೆಯೂ ಇತ್ತು. ಒಂದೊಂದಾಗಿ ಓದಿ ಹೇಳಿದೆ. ಅವನು ಒಂದೊಂದಕ್ಕೂ "ಹೂಂ" ಅಂದ. ಕೊನೆಗೆ, "ನಿಮ್ಮ ಉಪಕಾರ ಮರೆಯಾಂಗಿಲ್ರಿ," ಅಂದ.

ಕೊಡ ಹೊತ್ತು ಮನೆಗೆ ಬರುವಾಗಲೇ ಅನುಮಾನ ಬಂತು. ಸುನಂದಾಗೆ ಫೋನು ಮಾಡಬೇಕು, ಅವಳು ಇನ್ನೂ ಬೀದರ ಮುಟ್ಟಿರಲಿಕ್ಕಿಲ್ಲ. ಫೋನು ಕೈಯಲ್ಲಿ ಹಿಡಿದೆ. ಬೈಯುತ್ತಾಳೆ, ನಾಳೆ ಹೇಳಿದರಾಯಿತು ಅಂದುಕೊಂಡೆ.

ಎರಡು ದಿನಕ್ಕೆ ಅವಳದೇ ಫೋನು ಬಂತು. "ಅಕ್ಕಾ, ನನ್ನ ಹೊಸಾ ನಂಬರ್ ಅವಗ ಹ್ಯಾಂಗ ಸಿಕ್ತು?"

"ಯಾರ ಕೊಟ್ಟಿರ್ತಾರ," ಅಂದೆ.

ಅಲ್ಲಿಂದ ಆ ಬೇಸಿಗೆಯ ಅಂಜಿಕೆ ಶುರುವಾಯಿತು. ಒಮ್ಮೆ ಅವಳು ವಕೀಲರನ್ನು ಕಾಣಲು ಯಾರಿಗೂ ಹೇಳದೆ ಔರಾದಕ್ಕೆ ಹೋದಳು. ಬಸ್ಸು ಇಳಿಯುವಷ್ಟರಲ್ಲಿ ಅವನ ಮೆಸೇಜು: "ಔರಾದದಾಗ ಬಿಸಲ ಭಾಳ ಅದ. ತಲಿ ಮ್ಯಾಲ ಸೆರಗ ಹಾಕ್ಕೋ." ಇನ್ನೊಮ್ಮೆ ಖೋಲಿಗೆ ಹೊಸ ಪರದೆ ಕಟ್ಟಿ, ಚಂದ ಕಂಡಿತೆಂದು ಒಂದು ಫೋಟೋ ತೆಗೆದಳು. ಯಾರಿಗೂ ಕಳಿಸಲಿಲ್ಲ. ಮರುದಿನ ಮೆಸೇಜು: "ಪರದಾ ಚಲೋ ಅದ. ಯಾರಿಗಂತ ಕಟ್ಟಿ?"

ಅವಳು ಆ ಪರದೆ ಕಿತ್ತುಹಾಕಿದಳು. ಗೋಡೆ ತಡವಿ ನೋಡಿದಳು, ಫ್ಯಾನಿನ ಮೇಲೆ ನೋಡಿದಳು, ಎಲ್ಲಿಯಾದರೂ ಕ್ಯಾಮೆರಾ ಇಟ್ಟಿದ್ದಾನೇನೋ ಎಂದು. ದವಾಖಾನೆಗೆ ದಿನಾ ಬೇರೆ ಬೇರೆ ದಾರಿಯಿಂದ ಹೋಗತೊಡಗಿದಳು. ಅವನಿಗೆ ಅದೂ ಗೊತ್ತಾಗುತ್ತಿತ್ತು. "ನನಗ ಹುಚ್ಚ ಹಿಡದದ ಏನೋ ಅಕ್ಕಾ," ಅನ್ನುತ್ತಿದ್ದಳು.

ನಾನು ಈ ಕಡೆ ಹೂಂಗುಡುತ್ತಿದ್ದೆ. ಆರಂಕಿಯಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ನನಗೆ ತಿಳಿಯುತ್ತಿರಲಿಲ್ಲ. ಆದರೆ ಅದರಿಂದಲೇ ಎಂದು ಒಳಗೊಳಗೆ ಗೊತ್ತಿತ್ತು. ಈಗ ಹೇಳಬೇಕು ಅನ್ನುವಷ್ಟರಲ್ಲಿ ಅವಳು ಅಳತೊಡಗುವಳು. ಅಳುವವಳಿಗೆ ಹೇಗೆ ಹೇಳುವುದು ಎಂದು ಸುಮ್ಮನಾಗುವೆ. ಗಾಳಿಗೆ ಚಾವಿಗಳು ಸದ್ದು ಮಾಡಿದರೂ ಬಾಗಿಲಿಗೆ ಅವನೇ ಬಂದನೆಂದು ಬೆಚ್ಚುತ್ತಿದ್ದೆ.

ಒಂದು ಸಂಜೆ ಅವನು ಮೈಲೂರದ ಆ ಬಾಗಿಲಿಗೇ ಬಂದ. ಸುನಂದಾ ಒಳಗಿದ್ದಳು. ನಸೀಮಾ ಹಾಲಿನವನೆಂದು ಬಾಗಿಲು ತೆರೆದಳು. ಫೋಟೋದಲ್ಲಿ ನೋಡಿದ್ದ ಅವನ ಮುಖ ಕಂಡದ್ದೇ ಬೆನ್ನು ಕೊಟ್ಟು ಮೈಭಾರವೆಲ್ಲ ಹಾಕಿ ಬಾಗಿಲು ನೂಕಿದಳು. ಅವನು ಹೊರಗಿನಿಂದ ಒದ್ದ. ನಡುವೆ ಸಿಕ್ಕ ಅವಳ ತೋರುಬೆರಳು ಮುರಿಯಿತು. ಆದರೂ ಬೆನ್ನು ತೆಗೆಯಲಿಲ್ಲ, ಇನ್ನೊಂದು ಕೈಯಿಂದ ಚಿಲಕ ಹಾಕಿದಳು. ಕೂಗಾಟಕ್ಕೆ ಅಕ್ಕಪಕ್ಕದವರು ಸೇರಿದಾಗ ಅವನು ಓಡಿದ. ಇಬ್ಬರೂ ಠಾಣೆಗೆ ಹೋಗಿ ದೂರು ಬರೆಸಿ ಬಂದರು. ಅಷ್ಟರಲ್ಲಿ ಅವನು ಪುಣಾ ಬಸ್ಸು ಹತ್ತಿದ್ದನಂತೆ.

ಮರುದಿನ ನಾನು ಮೊದಲ ಬಸ್ಸಿಗೇ ಬೀದರಿಗೆ ಓಡಿ ಹೋದೆ. ನಸೀಮಾ ಬೆರಳಿಗೆ ಪಟ್ಟಿ ಕಟ್ಟಿಕೊಂಡು ನನಗೇ ಚಹಾ ಮಾಡಿಕೊಟ್ಟಳು. "ಫಿಕೀರ್ ಮಾಡಬ್ಯಾಡ್ರಿ ಅಕ್ಕಾ. ಬಾಗಲಾ ಪಕ್ಕಾ ಅದ, ಬೆರಳೇ ಜರಾ ಕಚ್ಚಾ ಇತ್ತು."

ಅದೇ ವಾರ ಸುನಂದಾ ರಜೆ ಹಾಕಿ ಹಲಬರ್ಗಾಕ್ಕೆ ಬಂದಳು. ದವಾಖಾನೆಯ ಕಂಪ್ಯೂಟರ್ ನೋಡುವ ಮೇಡಂ ಅವಳಿಗೆ ದಾರಿ ತೋರಿಸಿದ್ದರು. ಖಾತೆ ಯಾವ ಯಾವ ಫೋನಿನಲ್ಲಿ ತೆರೆದಿದೆ ಎಂದು ಅದರೊಳಗೇ ನೋಡಬಹುದಂತೆ. ಹಾಗೆ ತೆರೆದ ಫೋನಿನಲ್ಲಿ ಅವಳು ಎಲ್ಲಿದ್ದಾಳೆ, ಯಾವ ಫೋಟೋ ತೆಗೆದಳು ಎಲ್ಲ ಕಾಣುತ್ತದಂತೆ. ಕಟ್ಟೆಯ ಮೇಲೆ ಕೂತು ನೋಡಿದಳು. ಅವಳ ಫೋನಿನ ಕೆಳಗೆ ಇನ್ನೊಂದು ಫೋನಿನ ಹೆಸರು. ಪಕ್ಕದಲ್ಲಿ ತಾರೀಕು.

"ಯುಗಾದಿಕಿಂತ ಮೊದಲಿನ ಆದಿತವಾರ," ಅಂದಳು. "ಪಾಸ್‌ವರ್ಡ್ ಅಂವ ಊಹಿಸಿದ್ದಾನು, ಅವ್ವನ ಹೆಸರು ಅವಗ ಗೊತ್ತಿಲ್ಲೇನು. ಆದ್ರ ಆರಂಕಿ? ಯಾವ ನಂಬರಿಗೆ ಹೋಗ್ತಾವಂತ ಕಡೀ ಎರಡಂಕಿ ತೋರಸ್ತದ, ನಿಂದಂತ ಗುರ್ತ ಹಿಡದಿದ್ದಾನು. ಅದು ನಿನ್ನ ಫೋನಿಗೇ ಬಂದಿರಬೇಕಕ್ಕಾ. ನೀ ಯಾರಿಗರೆ ಹೇಳಿದೇನು?"

ಬಿಸಿಲು ಕಟ್ಟೆಗೆ ಬಂದಿತ್ತು. ಆಗ ನಾನು ಹೌದು ಅಂದಿದ್ದರೆ ಈ ಬರಹ ಬರೆಯುವ ಕೆಲಸ ಇರುತ್ತಿರಲಿಲ್ಲ.

"ನಾ ಇಲ್ಲವ್ವಾ," ಅಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವತ್ತ ನನ್ನ ಫೋನು ನಸೀಮಾನ ಕೈಯಾಗ ಇತ್ತಲಾ."

ಸುನಂದಾ ಫೋನನ್ನು ಮಡಿಲಿಗೆ ಇಳಿಸಿದಳು. "ಬೆರಳ ಮುರಕೊಂಡಾಳಲ್ಲಕ್ಕಾ ಆಕಿ," ಅಂದಳು. ಮತ್ತೆ ತಾನೇ, "ರೊಕ್ಕಕ್ಕ ಹೇಳಿದ್ಲೋ ಏನೋ. ಬಾಗಲಿಗೇ ಬರ್ತಾನಂತ ಆಕಿಗೂ ಗೊತ್ತಿರಲಿಕ್ಕಿಲ್ಲ," ಅಂದಳು. ನಾನು ಇಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ.

ಆಮೇಲೆ ಕೆಲಸಕ್ಕೆ ಕೂತಳು. ಇನ್ನು ಪ್ರತಿ ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್, ಯಾರೂ ಊಹಿಸಲಾಗದಂಥವು. ಅಷ್ಟೆಲ್ಲ ಯಾರಿಗೆ ನೆನಪಿರುತ್ತವೆ? ಪುಸ್ತಕದಲ್ಲಿ ಬರೆದಿಟ್ಟರೆ ಅವನ ಕೈಗೆ ಬೀಳಬಹುದು. ಫೋನು ತಾನೇ ನೆನಪಿಟ್ಟುಕೊಳ್ಳುತ್ತೇನೆ ಅನ್ನುತ್ತದೆ, ಆದರೆ ಅದು ಅದೇ ಖಾತೆಯೊಳಗೆ ಇಡುತ್ತದೆ, ಅವನು ಹೊಕ್ಕ ಮನೆಯೊಳಗೇ ಟ್ರಂಕು ಇಟ್ಟಂತೆ. ಅದಕ್ಕೆ ಪಾಸ್‌ವರ್ಡುಗಳನ್ನೆಲ್ಲ ಒಳಗಿಟ್ಟು ಕೀಲಿ ಹಾಕುವ, ಬೇರೆಯೇ ಆದ ಒಂದು ಪಾಸ್‌ವರ್ಡ್ ಮ್ಯಾನೇಜರ್ ಆರಿಸಿಕೊಂಡಳು. ಆರಿಸುವಾಗ ಮೇಡಂ ಹೇಳಿದ್ದನ್ನು ನನಗೂ ಬಿಡಿಸಿ ಹೇಳಿದಳು: ಅದನ್ನು ಮಾಡಿದವರಿಗೂ ಒಳಗಿನದು ಓದಲು ಬರಬಾರದು. ಅದು ಗಟ್ಟಿ ಇದೆಯೋ ಇಲ್ಲವೋ ಎಂದು ಹೊರಗಿನ ತಿಳಿದವರು ತೆರೆದು ನೋಡಿರಬೇಕು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಕೀಲಿ ಹಾಕಿಕೊಳ್ಳಬೇಕು. ನಾಳೆ ಬೇಡವಾದರೆ ನಮ್ಮದನ್ನೆಲ್ಲ ತೆಗೆದುಕೊಂಡು ಬೇರೆ ಕಡೆ ಹೋಗಲು ಬರಬೇಕು. ಅದನ್ನು ತೆರೆಯಲು ಒಂದೇ ದೊಡ್ಡ ಪಾಸ್‌ವರ್ಡ್, ನಾಲ್ಕಾರು ಪದಗಳದ್ದು. ಅದನ್ನು ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಅಲ್ಲಿಗೆ ಬಂದು ಅವಳು ನಿಂತಳು. "ಅವಗ ಗೊತ್ತಿಲ್ಲದ್ದು ನನ್ನ ಬಲ್ಲೇ ಏನದ ಅಕ್ಕಾ? ಹುಟ್ಟಿದ ದಿನ, ಮನಿದೇವರು, ನಮ್ಮ ಎಮ್ಮಿ ಹೆಸರು, ನನಗ ಸೇರೂದು, ಸೇರದ್ದು, ಎಲ್ಲಾ ಗೊತ್ತದ ಅವಗ."

ಅತ್ತೆ ಒಳಗಿನಿಂದ, "ಕವಡಿ ಚೆಲ್ಲು," ಅಂದಳು. "ಕವಡಿ ಏನು ಬೀಳತಾವಂತ ಚೆಲ್ಲಿದಾಕಿಗೇ ಗೊತ್ತಿರೂದಿಲ್ಲ. ಅವಗ ಎಲ್ಲಿಂದ ಗೊತ್ತಾಗಬೇಕು?"

ಸುನಂದಾಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು. ಒಳಗೆ ಬಂದು, ಮನೆಯ ಸಾಮಾನುಗಳನ್ನು ಸಾಲಾಗಿ ಎಣಿಸಿ, ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟನೆಯ ಸಾಮಾನಿನ ಹೆಸರು ಒಂದು ಪದ, ಹೀಗೆ ಪದ ಕೂಡಿಸುವುದೆಂದು ಠರಾಯಿಸಿದಳು. ಅತ್ತೆಯ ಕವಡೆ ತಂದುಕೊಟ್ಟೆ. ಅವಳು ನನ್ನ ಕಡೆ ನೋಡಿದಳು.

"ಅಕ್ಕಾ, ನೀ ಜರಾ ಹೊರಗ ಹೋಗು. ನಿನ್ನ ಮ್ಯಾಲ ಸಂಶೆ ಅಂತ ಅಲ್ಲ. ಯಾರಿಗೂ ಗೊತ್ತಿರಬಾರದು ಅಂದ್ರ ಯಾರಿಗೂ. ನಿಮ್ಮ ಅತ್ತೀಗಿ ಹ್ಯಾಂಗೂ ಕಣ್ಣ ಕಾಣೂದಿಲ್ಲ."

ನಾನು ಕಟ್ಟೆಗೆ ಬಂದು ನಿಂತೆ. ಒಳಗೆ ಕವಡೆ ಬೀಳುವ ಸದ್ದು. ಮತ್ತೆ ಸುಮ್ಮನೆ. ಮತ್ತೆ ಕವಡೆ. ಕೊನೆಗೆ, "ಹೂಂ, ಈಗ ಹಳೇ ಪಾಸ್‌ವರ್ಡ್ ಹೊರಗ, ಅವನ ಫೋನೂ ಹೊರಗ!" ಎಂದು ಕೂಗಿದಳು. ಅವಳು ಅವನನ್ನು ಹೊರಹಾಕಿದ್ದು ಅವನಿಗೆ ಈಗ ತಿಳಿಯುತ್ತದೆ.

ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿದ್ದ ಫೋನು ನಡುಗಿತು. ಇಂಗ್ಲಿಷಿನ ಎರಡು ಸಾಲು, ನಡುವೆ ಆರಂಕಿ. ಅದರ ಬೆನ್ನಿಗೇ ಅವನ ಕರೆ. ಬಡಿದುಕೊಳ್ಳುವ ಸದ್ದು ಒಳಗೆ ಕೇಳಬಾರದೆಂದು ಎತ್ತಿದೆ.

"ಅಕ್ಕಾರ, ಪಾಸ್‌ವರ್ಡ್ ಮರತೇನಿ ಅಂತ ಒತ್ತೇನಿ, ಇನ್ನೊಂದು ನಂಬರ್ ಬಂದದ ನೋಡ್ರಿ. ಓದ್ರಿ."

ಒಳಗೆ ಸುನಂದಾ ಇದ್ದ ಕಡೆ ನೋಡಿದೆ.

"ಓದ್ರಿ ಅಂದೆ. ಇಲ್ಲಂದ್ರ ಮೊದಲ್ನೇದು ಯಾರ ಕೊಟ್ಟಾರ ಅಂತ ಆಕಿಗೆ ಹೇಳಲೇನು?" ಬೆಣ್ಣೆಯಂಥ ಅದೇ ಧ್ವನಿ. "ಆಕಿ ನಿಮ್ಮ ಮಾರಿ ನೋಡ್ತಾಳೇನ್ರಿ ಆಮ್ಯಾಲ?"

ನಾನು ಚೌಕಟ್ಟು ಹಿಡಿದೆ. ಭುಜಕ್ಕೆ ತಾಕಿ ಚಾವಿಗಳು ಒಮ್ಮೆಲೇ ಸದ್ದು ಮಾಡಿದವು. ಪರದೆಯ ಮೇಲೆ ಆರಂಕಿ ಕಣ್ಣಿಗೆ ಹೊಡೆಯುತ್ತಿದ್ದವು. ಓದಿದರೆ ನನ್ನ ಗುಟ್ಟು ಉಳಿಯುತ್ತದೆ, ಅವಳು ಉಳಿಯುವುದಿಲ್ಲ. ಫೋನು ಕತ್ತರಿಸಿದೆ. ಬ್ಯಾಟರಿ ತೆಗೆದು ಸೆರಗಿಗೆ ಕಟ್ಟಿಕೊಂಡೆ.

ಸುನಂದಾ ಬಾಗಿಲಿಗೆ ಬಂದಳು. "ಯಾರ ಫೋನು?"

"ರಾಂಗ್ ನಂಬರ್," ಅಂದೆ.

ಅಂದೇ ಅವಳು ನನ್ನ ನಂಬರನ್ನು ಆ ಖಾತೆಯಿಂದ ತೆಗೆದು, ನಂಬರು ಬೇರೆಯವರ ಫೋನಿಗೆ ಹೋಗದೆ ತನ್ನ ಫೋನಿನಲ್ಲೇ ಹುಟ್ಟುವಂತೆ ಮಾಡಿಕೊಂಡಳು. "ನಿನಗ ಇನ್ನ ಈ ತ್ರಾಸಿಲ್ಲ," ಅಂದಳು. ಅವಳ ಮೇಲಿನ ಭಾರ ಇಳಿಯಿತು. ನನ್ನ ಮೇಲಿನದು ಹಾಗೇ ಉಳಿಯಿತು.

ಮೆಸೇಜುಗಳು ನಿಂತವು. ಅವಳು ಖೋಲಿ ಬದಲಿಸಿದಳು, ನಸೀಮಾಳಿಗೆ ವಿಳಾಸ ಹೇಳಲಿಲ್ಲ. ನಸೀಮಾ ದವಾಖಾನೆಯ ಗೇಟಿಗೆ ಬಂದು, "ನನ್ನಿಂದ ಏನ ತಪ್ಪಾತು ಹೇಳರೆ ಹೇಳು," ಎಂದು ಕೇಳಿದಳಂತೆ. ಸುನಂದಾ ಮುಖ ತಿರುಗಿಸಿ ಒಳಗೆ ಹೋದಳಂತೆ. ಮೃಗಶಿರಾ ಮಳೆ ಚೆನ್ನಾಗಿ ಬಿತ್ತು. ಊರವರು ಒಬ್ಬೊಬ್ಬರಾಗಿ ಬಂದು ಚಾವಿ ಒಯ್ದರು. "ನೀ ಇದ್ದಿ ಅಂತ ಬೇಫಿಕೀರ್ ಇದ್ವಿ," ಅಂದರು. ಆ ಮಾತು ಕೇಳಿದಾಗಲೆಲ್ಲ ನೆಲ ನೋಡುತ್ತಿದ್ದೆ. ಕೋರ್ಟಿನಲ್ಲಿ ಸುನಂದಾಳಿಗೆ ವಿಚ್ಛೇದನ ಸಿಕ್ಕಿತು. ವೈಜಿನಾಥ ಬೇರೆ ಮದುವೆಯಾದನೆಂದು ಕೇಳಿದೆ, ಆ ಹುಡುಗಿಯನ್ನು ನೆನೆದು ಅಂಜಿದೆ. ಅವನು ನನ್ನ ಗುಟ್ಟನ್ನು ಹೇಳಲಿಲ್ಲ. ಯಾವತ್ತಾದರೂ ಹೇಳಬಹುದು ಎಂಬುದನ್ನು ಮಾತ್ರ ನನ್ನ ಹತ್ತಿರ ಬಿಟ್ಟು ಹೋದ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಇಂದಿಗೂ ನನ್ನ ಕೈ ಬೆವರುತ್ತದೆ.

ಮೊನ್ನೆ ಆ ತುಕ್ಕಿನ ಚಾವಿ ಹಿಡಿದು ಕೂತ ದಿನ, ಸಂಜೆ ಸುನಂದಾ ಕೆಲಸದಿಂದ ಬಂದು ಫೋನು ಹಿಡಿದು ನನ್ನ ಪಕ್ಕ ಕೂತಳು. ಆ ಮ್ಯಾನೇಜರಿನಲ್ಲಿ ಒಂದು ಅನುಕೂಲ ಇದೆಯಂತೆ. ತನಗೇನಾದರೂ ಆದರೆ, ತಾನು ಹೆಸರು ಕೊಟ್ಟ ಒಬ್ಬರು ಅದನ್ನು ತೆರೆಯಬಹುದು.

"ನಿನ್ನ ಹೆಸರ ಹಾಕ್ತೇನಿ ಅಕ್ಕಾ. ಓಣಿ ಚಾವಿ ಎಲ್ಲಾ ಕಾಯ್ದಾಕಿ ನೀ. ನಿನ್ನ ಬಿಟ್ರ ಭರೋಸಾ ಯಾರ ಮ್ಯಾಲ ಇಡ್ಲಿ?"

ಅವಳ ಬೆರಳು ನನ್ನ ಹೆಸರಿನ ಮೇಲಿತ್ತು. ನಾನು ಆ ಬೆರಳು ಹಿಡಿದೆ.

"ತಡಿ. ಮೊದ್ಲ ನನ್ನ ನಸೀಮಾನ ಬಲ್ಲೇ ಕರಕೊಂಡು ನಡಿ."

"ಆಕಿನ ಬಲ್ಲೇ? ಯಾಕ?"

"ಅಲ್ಲೇ ಹೇಳ್ತೇನಿ. ಇಬ್ಬರ ಮುಂದ ಒಮ್ಮೆ ಹೇಳಲಿಲ್ಲಂದ್ರ ಮತ್ತ ಹೇಳಾಕಿ ಅಲ್ಲ ನಾ."

ನಸೀಮಾಳ ಹೊಲಿಗೆ ಅಂಗಡಿ ಎರಡು ಓಣಿ ಆಚೆ. ಅಷ್ಟು ವರ್ಷ ಅಷ್ಟು ಹತ್ತಿರ ಇದ್ದೂ ಸುನಂದಾ ಆ ದಾರಿ ತುಳಿದಿರಲಿಲ್ಲ. ಮಳೆ ಜಿನುಗುತ್ತಿತ್ತು. ಸುನಂದಾ ಮೆಟ್ಟಿಲ ಕೆಳಗೇ ನಿಂತಳು. ನಸೀಮಾ ಮಿಶನ್ ನಿಲ್ಲಿಸಿ ತಲೆ ಎತ್ತಿದಳು. ಬಟ್ಟೆ ಒತ್ತಿ ಹಿಡಿದ ಕೈಯಲ್ಲಿ ಆ ತೋರುಬೆರಳು ಮಡಚದೆ ಕಡ್ಡಿಯಂತೆ ನೆಟ್ಟಗೆ ನಿಂತಿತ್ತು.

"ಬರ್ರಿ ಅಕ್ಕಾ," ಅಂದಳು. ಸುನಂದಾಳ ಕಡೆ ನೋಡಲಿಲ್ಲ.

ನಾನು ಕೂರಲಿಲ್ಲ. ಒಬ್ಬಳ ಮುಖ ನೋಡಿದರೆ ಇನ್ನೊಬ್ಬಳದು ಬೆನ್ನಿಗೆ ಬರುತ್ತಿತ್ತು. ಬಾಗಿಲಿಗೆ ಒರಗಿ, ಇಬ್ಬರೂ ಕಾಣುವಂತೆ ನಿಂತೆ.

"ಆ ಆರಂಕಿ ನಾ ಓದಿ ಹೇಳಿದ್ದೆ. ಟ್ಯಾಂಕರ್ ಬಲ್ಲೇ ನಿಂತು, ವೈಜಿನಾಥನಿಗೆ, ನನ್ನ ಬಾಯಿಲೇ. ಸುನೀ, ನೀ ಕೇಳಿದಾಗ ಇಲ್ಲಂದೆ, ನಸೀಮಾನ ಹೆಸರ ಹೇಳಿದೆ. ನಸೀಮಾ, ನಿನ್ನಿಂದ ಏನೂ ತಪ್ಪಾಗಿಲ್ಲವ್ವಾ. ನೀ ಬಾಗಲಾ ಹಿಡದಿ, ಬಾಗಲಾ ತಗದಾಕಿ ನಾ. ತಪ್ಪ ನಂದು. ನಿಮ್ಮಿಬ್ರ ಮುಂದ ಹೇಳ್ತೇನಿ, ತಪ್ಪ ನಂದು. ನನಗ ಮಾಫ್ ಮಾಡ್ರಿ."